ದಾರಿ ಬಿಡುವ ಬಗೆ



ಗೊಡಚಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋದ ಹಿರಿಯರು ನಿಮ್ಮಲ್ಲಿದ್ದೀರಿ. ಇಕ್ಕಟ್ಟಿನ ದಾರಿಯಲ್ಲಿ ಎದುರಿಗೊಂದು ಚಕ್ಕಡಿ ಬಂದರೆ ಒಬ್ಬರು ಎತ್ತುಗಳನ್ನು ಬದಿಗೆ ಹೊರಳಿಸುತ್ತಿದ್ದಿರಿ. ಆಕಾಶದಲ್ಲಿ ಜಾಗವೇನೋ ಬೇಕಾದಷ್ಟಿದೆ, ಹೊತ್ತಿಲ್ಲ.

2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ, ಹೈದರಾಬಾದಿಗೆ ಹೊರಟ ವಿಮಾನವೂ ಕೊಚ್ಚಿಗೆ ಹೊರಟ ವಿಮಾನವೂ 27 ಸಾವಿರ ಅಡಿಯ ಮೇಲೆ ಒಂದರ ದಾರಿಗೊಂದು ಬಂದವು. ಎತ್ತರದಲ್ಲಿ 1000 ಅಡಿ ಇರಬೇಕಾದ ಅಂತರ 200 ಅಡಿಗೆ ಬಂದಿತ್ತು. ಒಳಗೆ 328 ಪ್ರಯಾಣಿಕರು. ಇಂಥ ವಿಮಾನಗಳಲ್ಲಿ ಎಚ್ಚರಿಸುವ ಯಂತ್ರವೊಂದಿರುತ್ತದೆ. ಎರಡರ ಯಂತ್ರಗಳೂ ತಮ್ಮೊಳಗೆ ಮಾತಾಡಿಕೊಂಡು, ಒಬ್ಬರಿಗೆ ‘ಏರು’ ಎಂದರೆ ಇನ್ನೊಬ್ಬರಿಗೆ ‘ಇಳಿ’ ಎನ್ನುತ್ತವೆ. ವೈಮಾನಿಕರು ಕೇಳಿದರು, ಎಲ್ಲರೂ ಉಳಿದರು.

ಅಜ್ಜನವರು ಯಂತ್ರಕ್ಕೆ ಮಂಗಳಾರತಿ ಎತ್ತುತ್ತಿದ್ದಾರೆಂದು ನಗಬೇಡಿರಿ. 2002ರ ಜುಲೈ 1ರ ರಾತ್ರಿ ಜರ್ಮನಿಯ ಮೇಲೆ ಯಂತ್ರ ಒಂದು ವಿಮಾನಕ್ಕೆ ‘ಏರು’ ಎಂದಿತು. ನೆಲದ ಮೇಲಿನ ನಿಯಂತ್ರಕ ‘ಇಳಿ’ ಎಂದ. ಅವರು ಇಳಿದರು. ಎದುರಿನವರೂ ತಮ್ಮ ಯಂತ್ರ ಹೇಳಿದಂತೆ ಇಳಿಯುತ್ತಿದ್ದರು. 71 ಜೀವ ಹೋದವು, ಹೆಚ್ಚಿನವು ಎಳೆಯ ಮಕ್ಕಳವು. ಅಂಥ ಗಳಿಗೆಯಲ್ಲಿ ನೆಲದವರ ಮಾತನ್ನು ಬದಿಗಿಟ್ಟು ಒಳಗಿನ ಎಚ್ಚರಿಕೆಯನ್ನೇ ಪಾಲಿಸಬೇಕೆಂಬ ಕಟ್ಟಳೆ ಆಮೇಲೆ ಬಿಗಿಯಾಯಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಗೆ ಹೋದರೂ ನಮ್ಮ ಮುಂದೆ ಅಣ್ಣತಮ್ಮಂದಿರ ಬದುವಿನ ಜಗಳ ಬರುತ್ತದೆ. ‘ಅವನು ಮೊದಲು ಸರಿಯಲಿ’ ಎನ್ನುತ್ತೀರಿ. ಸಾಕು ಎಂದು ಒಳಗಿನ ಅರಿವು ಹೇಳುತ್ತಿರುತ್ತದೆ, ಕಟ್ಟೆಯ ಮೇಲಿನವರು ಬಿಡಬೇಡ ಎನ್ನುತ್ತಾರೆ. ವೈಮಾನಿಕನಿಗೆ ಎದುರಿನವನ ಹೆಸರೂ ತಿಳಿದಿರುವುದಿಲ್ಲ. ತಪ್ಪು ಯಾರದೆಂದು ಆಗ ಕೇಳುವುದೂ ಇಲ್ಲ.

ಬದುವಿನ ಎರಡೂ ಕಡೆಯವರು ಈ ಸಭೆಯಲ್ಲಿಯೇ ಕುಳಿತಿದ್ದೀರಿ. ಇಂದು ಪ್ರಸಾದಕ್ಕೆ ಒಂದೇ ಪಂಕ್ತಿಯಲ್ಲಿ ಕೂಡಿರಿ.