ಜೀಪಿನ ಪರದೆ ಮತ್ತು ಇಪ್ಪತ್ತೈದು ಕ್ವಿಂಟಾಲ್ ಭತ್ತ

(ಹೋಬಳಿ ಮಟ್ಟದ ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ನೀವು ಬೆಂಬಲ ಬೆಲೆ, ಬ್ಯಾಂಕಿನ ಬಡ್ಡಿ, ಜಪ್ತಿ ನೋಟೀಸು ಇವುಗಳ ಬಗ್ಗೆ ಕೇಳಿದ್ದೀರಿ. ನಾನು ಮಾತಾಡಲು ನಿಂತಿರುವುದು ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಕೂತಿರುವ ಏಳಂಗುಲದ ಒಂದು ಗಾಜಿನ ಬಗ್ಗೆ. ನಗಬೇಡಿ. ಇದೂ ಬೆಲೆಯ ವಿಚಾರವೇ, ಇದೂ ಸಾಲದ ವಿಚಾರವೇ.

ಘಟ್ಟದ ಸೀಮೆಯವರಿಗೆ ಜೀಪು ಷೋಕಿಯ ವಸ್ತುವಲ್ಲ. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಆಸ್ಪತ್ರೆಗೆ ಹೋಗಬೇಕಾದ ಗರ್ಭಿಣಿ ಎಲ್ಲಕ್ಕೂ ಅದೇ ಗಾಡಿ. ಆಷಾಢದ ಕೆಸರಿನಲ್ಲಿ ನಾಲ್ಕು ಚಕ್ರಕ್ಕೂ ಎಳೆತ ಇಲ್ಲದ ಗಾಡಿ ನಮ್ಮ ದಿಬ್ಬ ಹತ್ತೋದಿಲ್ಲ. ಹಳೇ ಜೀಪಿನಲ್ಲಿ ಏನಿತ್ತು? ವೇಗದ ಮುಳ್ಳು, ಡೀಸೆಲ್ಲಿನ ಮುಳ್ಳು, ಬಿಸಿಯ ಮುಳ್ಳು. ಕೆಟ್ಟರೆ ಸಂತೆ ದಿನ ತಾಲ್ಲೂಕಿಗೆ ಹೋಗಿ ತಂದು ಹಾಕುತ್ತಿದ್ದೆವು. ಈಗಿನ ಗಾಡಿಗೆ ಕಂಪನಿಯವರೇ ಒಂದು ಪರದೆ ಕೂರಿಸಿ ಕೊಡುತ್ತಾರೆ. ಅದೇ ನಕ್ಷೆ ತೋರಿಸುತ್ತೆ, ಅದೇ ಹಾಡು ಹೇಳುತ್ತೆ, ಹಿಂದಕ್ಕೆ ಹೋಗುವಾಗ ಹಿಂದಿನ ಕ್ಯಾಮೆರಾದ ಚಿತ್ರವೂ ಅದರಲ್ಲೇ. ಬೇಕು ಅಂತ ನಾವು ಕೇಳಿರಲಿಲ್ಲ. ಆದರೆ ಅದರ ಬೆಲೆ ಗಾಡಿಯ ಬೆಲೆಯಲ್ಲಿ ಸೇರಿದೆ, ಗಾಡಿಯ ಸಾಲದಲ್ಲೂ ಸೇರಿದೆ.

ನನ್ನ ಜೀಪಿನ ಪರದೆ ನಾಲ್ಕನೇ ಮಳೆಗಾಲಕ್ಕೆ ಕೈಕೊಟ್ಟಿತು. ಚಿತ್ರ ಬರುತ್ತಿತ್ತು, ಹಾಡು ಬರುತ್ತಿತ್ತು, ಬೆರಳಿಟ್ಟರೆ ಮಾತ್ರ ಕಲ್ಲು. ಷೋರೂಮಿನವರು (ಯಾವ ಕಂಪನಿ ಅನ್ನೋದು ಇಲ್ಲಿ ಬೇಡ, ಎಲ್ಲರ ಹಣೆಬರಹವೂ ಒಂದೇ) ಪೂರ್ತಿ ಪೆಟ್ಟಿಗೆ ಬದಲಾಯಿಸಬೇಕು ಅಂತ 57,500 ರೂಪಾಯಿಯ ಚೀಟಿ ಬರೆದುಕೊಟ್ಟರು. ರಿಪೇರಿ ಮಾಡಿ ಅಂದರೆ, ನಮ್ಮಲ್ಲಿ ರಿಪೇರಿ ಇಲ್ಲ, ಬದಲಾವಣೆ ಮಾತ್ರ ಅಂದರು.

ಈಗ ನಮ್ಮ ಲೆಕ್ಕ ಹಾಕೋಣ. 2024-25ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿ. ಅಂದರೆ ಆ ಗಾಜಿನ ಪೆಟ್ಟಿಗೆಗೆ 25 ಕ್ವಿಂಟಾಲ್ ಭತ್ತ. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕಿದರೆ! ಕೈಯಲ್ಲಿ ದುಡ್ಡಿಲ್ಲದೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದಿರಿ ಅನ್ನಿ, ಒಂದು ವರ್ಷಕ್ಕೆ ಬಡ್ಡಿಯೇ 13,800. ಮತ್ತೆ ಆರು ಕ್ವಿಂಟಾಲ್. ನಮ್ಮ ಭತ್ತಕ್ಕೆ ಬೆಲೆ ಕಟ್ಟುವವರು ಬೇರೆಯವರು, ಅವರ ಪೆಟ್ಟಿಗೆಗೆ ಬೆಲೆ ಕಟ್ಟುವವರೂ ಅವರೇ.

ನಾನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಪೇಟೆಯಲ್ಲಿ ಮೊಬೈಲು, ಟೀವಿ ರಿಪೇರಿ ಮಾಡುವ ಹುಡುಗನ ಹತ್ತಿರ ಹೋದೆ. ಅವನು ಹೇಳಿದ್ದು ಸರಳವಾಗಿತ್ತು. ಪರದೆ ಅನ್ನೋದು ಒಂದೇ ವಸ್ತುವಲ್ಲ. ಮೇಲೆ ಬೆರಳಿನ ಸ್ಪರ್ಶ ತಿಳಿಯುವ ತೆಳು ಪದರ, ಅದರ ಕೆಳಗೆ ಚಿತ್ರ ಮೂಡಿಸುವ ಪದರ, ಅದರ ಹಿಂದೆ ಬೆಳಕು, ಎಲ್ಲದರ ಹಿಂದೆ ಬೋರ್ಡು. ಚಿತ್ರ ಚೆನ್ನಾಗಿದ್ದು ಸ್ಪರ್ಶ ಸತ್ತಿದ್ದರೆ ಹೋಗಿರುವುದು ಹೆಚ್ಚಾಗಿ ಮೇಲಿನ ಪದರ ಒಂದೇ. ಶಬ್ದ ಇದ್ದು ಚಿತ್ರ ಇಲ್ಲದಿದ್ದರೆ ಬೆಳಕನ್ನೋ ಒಳಗಿನ ಪಟ್ಟಿ ತಂತಿಯನ್ನೋ ನೋಡಬೇಕು. ಎರಡೂ ಇಲ್ಲದಿದ್ದರೆ ಮೊದಲು ಫ್ಯೂಸು, ಆಮೇಲೆ ಅರ್ಥಿಂಗು, ಕೊನೆಗೆ ಬೋರ್ಡು. ನನ್ನದಕ್ಕೆ ಹೊಸ ಪದರಕ್ಕೂ ಕೂಲಿಗೂ ಸೇರಿ 4,600 ರೂಪಾಯಿ ಆಯಿತು. ಎರಡು ಕ್ವಿಂಟಾಲ್. ಪದರ ತರಿಸಲು ಎಂಟು ದಿನ ಹಿಡಿಯಿತು, ಅಷ್ಟೆ.

ಎಲ್ಲರದೂ ಇಷ್ಟು ಸುಲಭವಾಗಿ ಮುಗಿಯೋದಿಲ್ಲ. ಬೋರ್ಡೇ ಸುಟ್ಟಿದ್ದರೆ ಬೇರೆ ಪರದೆ ಹಾಕಲೇಬೇಕು. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಕ್ಷೆಗೋಸ್ಕರ ಪರದೆ ಬೇಕೇ? ಟವರ್ ಇಲ್ಲದ ಕಡೆ ಮೊಬೈಲಿನ ನಕ್ಷೆ ಕೆಲಸ ಮಾಡೋದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದು ಅರ್ಧ ನಿಜ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲಿವೆ. ನಮ್ಮ ಯಂತ್ರ ಅವಕ್ಕೆ ಏನೂ ಕಳಿಸೋದಿಲ್ಲ, ರೇಡಿಯೋ ಹಾಗೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ನಾಲ್ಕು ಉಪಗ್ರಹದ ದನಿ ಕೇಳಿದರೆ ನಾವು ಎಲ್ಲಿದ್ದೇವೆ ಅನ್ನೋ ಲೆಕ್ಕ ಸಿಗುತ್ತೆ. ಅದಕ್ಕೆ ಟವರೂ ಬೇಡ, ಚಂದಾ ಹಣವೂ ಬೇಡ. ಟವರ್ ಬೇಕಾಗೋದು ನಕ್ಷೆಯ ಚಿತ್ರ ಇಳಿಸಿಕೊಳ್ಳೋದಕ್ಕೆ. ಅದನ್ನು ಪೇಟೆಯಲ್ಲಿದ್ದಾಗಲೇ ಮೊಬೈಲಿಗೆ ಇಳಿಸಿಟ್ಟುಕೊಂಡರೆ ಕಾಡಿನೊಳಗೂ ದಾರಿ ತೋರಿಸುತ್ತೆ. ಕಂಪನಿಯ ಪರದೆಯಲ್ಲಿರುವ ನಕ್ಷೆಯೋ, ಹೊಸದು ಬೇಕಾದರೆ ಬಹಳ ಗಾಡಿಗಳಲ್ಲಿ ಮತ್ತೆ ದುಡ್ಡು. ಹಳತಾದ ಯಂತ್ರದ ಗತಿ ಏನಾಗುತ್ತೆ ಅನ್ನೋದಕ್ಕೆ ಒಂದು ನಿದರ್ಶನ: 2022ರ ಜನವರಿ 1ರಂದು ನಕ್ಷೆಯ ಪರದೆ ಇದ್ದ ಹೋಂಡಾ ಕಂಪನಿಯ ಹಳೆಯ ಎಷ್ಟೋ ಕಾರುಗಳ ಗಡಿಯಾರ 2002ನೇ ಇಸವಿಗೆ ಹಿಂದಕ್ಕೆ ಓಡಿತು. ಗಾಡಿ ಗಟ್ಟಿಯಾಗಿತ್ತು, ಒಳಗಿನ ಲೆಕ್ಕ ತಪ್ಪಿತ್ತು.

ಸರಿ, ಬದಲಾಯಿಸಲೇಬೇಕು ಅನ್ನೋಣ. ಹಿಂದೆ ರೇಡಿಯೋ ಪೆಟ್ಟಿಗೆಗಳಿಗೆ ಒಂದು ಅಳತೆ ಇತ್ತು. 180 ಮಿಲಿಮೀಟರ್ ಅಗಲ, 50 ಎತ್ತರ. ದೊಡ್ಡದಾದರೆ 100 ಎತ್ತರ. ಯಾರು ಮಾಡಿದ್ದನ್ನಾದರೂ ಯಾವ ಗಾಡಿಗಾದರೂ ತೂರಿಸಬಹುದಿತ್ತು. ಈಗ ಗಾಡಿಗೊಂದು ಆಕಾರ. ಬೇಕೆಂದೇ ಹಾಗೆ ಮಾಡಿದ್ದಾರೋ ಚೆಂದಕ್ಕೆ ಮಾಡಿದ್ದಾರೋ ನೀವೇ ಹೇಳಿ. ಆದ್ದರಿಂದ ನಿಮ್ಮ ಮಾದರಿಗೆ ಕೂರುವ ಚೌಕಟ್ಟು ಸಿಗುತ್ತದೋ ಇಲ್ಲವೋ ಮೊದಲು ವಿಚಾರಿಸಿ.

ಎರಡನೆಯದು ವೈರು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಹಳೇ ಗಾಡಿಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ವೈರು. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಕ್ಯಾನ್ ಅನ್ನೋ ಹೊಸ ಏರ್ಪಾಡು ಹೊರತಂದಿತು. ಎರಡೇ ತಂತಿಯ ಮೇಲೆ ಎಂಜಿನ್ನು, ಬ್ರೇಕು, ಪರದೆ ಎಲ್ಲವೂ ಸರದಿಯ ಮೇಲೆ ಮಾತಾಡಿಕೊಳ್ಳುತ್ತವೆ. ಊರಿನ ಬಾವಿಕಟ್ಟೆ ಇದ್ದ ಹಾಗೆ, ಎಲ್ಲರ ಸುದ್ದಿ ಎಲ್ಲರಿಗೂ. ಅನೇಕ ಹೊಸ ಗಾಡಿಗಳಲ್ಲಿ ಕೀಲಿ ತಿರುಗಿಸಿದಾಗ ಕರೆಂಟು ಬರುವ ಬೇರೆ ವೈರು ಪರದೆಯ ಪ್ಲಗ್ಗಿನಲ್ಲಿ ಇರೋದೇ ಇಲ್ಲ. ಎದ್ದೇಳು, ಮಲಗು ಅನ್ನೋ ಅಪ್ಪಣೆ ಆ ತಂತಿಯಲ್ಲೇ ಬರುತ್ತೆ. ಇದು ಗೊತ್ತಿಲ್ಲದ ಮೆಕ್ಯಾನಿಕ್ಕು ಹೊಸ ಪರದೆಯ ಹಳದಿ ವೈರು, ಕೆಂಪು ವೈರು ಎರಡನ್ನೂ ಸದಾ ಕರೆಂಟಿರುವ ಕಡೆಗೇ ಸೇರಿಸಿಬಿಡುತ್ತಾನೆ. ಹಳದಿಗೆ ಸದಾ ಕರೆಂಟು ಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ. ಎರಡೂ ಸೇರಿದರೆ ಪರದೆ ರಾತ್ರಿಯೆಲ್ಲ ಎಚ್ಚರ, ಬೆಳಿಗ್ಗೆ ಬ್ಯಾಟರಿ ಖಾಲಿ. ಆಮೇಲೆ ಬ್ಯಾಟರಿ ಸರಿಯಿಲ್ಲ ಅಂತ ಅದಕ್ಕೂ ದುಡ್ಡು ಸುರಿಯೋದು. ಆದ್ದರಿಂದ ನಿಮ್ಮ ಗಾಡಿಗೇ ಹೊಂದುವ, ಕ್ಯಾನ್ ಭಾಷೆ ತಿಳಿಯುವ ಅಡಾಪ್ಟರ್ ಕೇಳಿ ತಗೊಳ್ಳಿ. ಕಂಪನಿಯ ವೈರು ಒಂದನ್ನೂ ಕತ್ತರಿಸಲು ಬಿಡಬೇಡಿ. ಕತ್ತರಿಸಿದ ಗುರುತು ಸಿಕ್ಕರೆ ಗ್ಯಾರಂಟಿ ಇಲ್ಲ ಅನ್ನಲು ಅವರಿಗೆ ಒಳ್ಳೆ ನೆಪ. ಕೆಟ್ಟ ಪರದೆಯನ್ನೂ ಗುಜರಿಗೆ ಹಾಕಬೇಡಿ, ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ.

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಮೈನಸ್ ಕಳಚಿ ಕೆಲವು ನಿಮಿಷ ಸುಮ್ಮನಿರಬೇಕು. ಡ್ಯಾಶ್‌ಬೋರ್ಡಿನ ಆಸುಪಾಸಿನಲ್ಲೇ ಏರ್‌ಬ್ಯಾಗ್ ಇರುತ್ತೆ. ಜಿಪಿಎಸ್ ಆಂಟೆನಾ ತಗಡಿನ ಅಡಿಗೆ ಬೇಡ, ಮುಂದಿನ ಗಾಜಿನ ಹತ್ತಿರ ಆಕಾಶ ಕಾಣುವ ಹಾಗಿರಲಿ. ಇನ್ನೊಂದು ಮಾತು, ಕೆಲವು ಗಾಡಿಗಳಲ್ಲಿ ಟೈರಿನ ಗಾಳಿ, ಗಾಡಿ ಎಷ್ಟು ವಾಲಿದೆ ಅನ್ನೋದು, ಏಸಿ ಎಲ್ಲವೂ ಅದೇ ಪರದೆಯಲ್ಲಿ. ಹೊರಗಿನ ಪರದೆ ಹಾಕಿದರೆ ಇವುಗಳಲ್ಲಿ ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ಅಂಗಡಿಯವನಿಂದ ಬರಹದಲ್ಲಿ ತಗೊಳ್ಳಿ.

ಕಂಪನಿಯವರು ಹೇಳುವ ಒಂದು ವಾದವಿದೆ, ಅದನ್ನು ಮುಚ್ಚಿಡಬಾರದು. ಹೊರಗಿನವರ ಕೈ ಬಿದ್ದರೆ ಅಪಾಯ ಅನ್ನುತ್ತಾರೆ. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳೋದಿಲ್ಲ. ಆದರೆ 2015ರಲ್ಲಿ ಅಮೆರಿಕದಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಲಸೆಕ್ ಅನ್ನೋ ಇಬ್ಬರು ಮನೆಯಲ್ಲಿ ಕೂತು, ಹೆದ್ದಾರಿಯಲ್ಲಿ ಓಡುತ್ತಿದ್ದ ಒಂದು ಜೀಪ್ ಚೆರೋಕಿಯ ಹಿಡಿತ ತಪ್ಪಿಸಿ ತೋರಿಸಿದರು. ಅವರು ಒಳಗೆ ನುಗ್ಗಿದ್ದು ಯಾವ ಬಾಗಿಲಿಂದ? ಕಂಪನಿಯೇ ಕೂರಿಸಿದ್ದ ಪರದೆಯ ಬಾಗಿಲಿಂದ! ಕಂಪನಿ 14 ಲಕ್ಷ ಗಾಡಿಗಳನ್ನು ವಾಪಸು ಕರೆದು ಸರಿಮಾಡಬೇಕಾಯಿತು. ಹಾಗಾದರೆ ಅಪಾಯ ಮೆಕ್ಯಾನಿಕ್ಕಿನ ಸ್ಕ್ರೂಡ್ರೈವರಿನಲ್ಲಿ ಮಾತ್ರ ಇದೆಯೇ? ಅಗ್ಗದ ಪರದೆ ಕೊಳ್ಳುವಾಗ ನಾವೂ ಇದನ್ನು ನೆನಪಿಡಬೇಕು, ಅದು ಬೇರೆ ಮಾತು.

ಅದೇ ವರ್ಷ ಅಮೆರಿಕದ ಕೃತಿಸ್ವಾಮ್ಯ ಕಚೇರಿ, ಮಾಲೀಕನು ತನ್ನ ಕಾರು, ಟ್ರ್ಯಾಕ್ಟರಿನೊಳಗಿನ ಪ್ರೋಗ್ರಾಮಿನ ಬೀಗ ತೆಗೆದು ರಿಪೇರಿ ಮಾಡಿಕೊಳ್ಳಬಹುದು ಅಂದಿತು. ಆದರೆ ಹಾಡು, ನಕ್ಷೆಯ ಪೆಟ್ಟಿಗೆಯನ್ನು ಹೊರಗಿಟ್ಟಿತು. ಎಂಜಿನ್ನು ನಿನ್ನದು, ಪರದೆ ನಮ್ಮದು ಅಂದ ಹಾಗೆ! ರಿಪೇರಿಗೋಸ್ಕರ ಅದನ್ನೂ ಮುಟ್ಟಬಹುದು ಅನ್ನೋಕೆ 2018 ಬರಬೇಕಾಯಿತು. ಅಲ್ಲಿನ ರೈತರು ಸುಮ್ಮನೆ ಕೂರಲಿಲ್ಲ. 2023ರಲ್ಲಿ ಕೊಲೊರಾಡೊ ರಾಜ್ಯ, ಕೃಷಿ ಯಂತ್ರದ ಬಿಡಿಭಾಗ, ಉಪಕರಣ, ಪುಸ್ತಕ ಮೂರನ್ನೂ ರೈತನಿಗೆ ಕೊಡಬೇಕು ಅಂತ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ರಿಪೇರಿ ವಿಚಾರವಾಗಿಯೇ ಜಾನ್ ಡೀರ್ ಕಂಪನಿಯ ಮೇಲೆ ದಾವೆ ಹೂಡಿತು.

ನಮ್ಮಲ್ಲೇನು? 2014ರಲ್ಲಿ ನಮ್ಮ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಕಟ್ಟಿಹಾಕಿದ್ದಕ್ಕೆ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹಿಡಿದು ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿ, ಕೃಷಿ ಯಂತ್ರ ಮತ್ತು ವಾಹನ ಎರಡನ್ನೂ ಅದರಲ್ಲಿ ಸೇರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಕೊಡಿ ಅಂತ ಕೇಳೋದು ಬೇರೆ, ಕೊಡಲೇಬೇಕು ಅಂತ ಕಾನೂನು ಮಾಡೋದು ಬೇರೆ.

ಹೊಸ ಜೀಪಿಗೋ ಟ್ರ್ಯಾಕ್ಟರಿಗೋ ಮುಂಗಡ ಕೊಡಲು ಹೋಗುವವರು ಸಹಿ ಹಾಕುವ ಮುಂಚೆ ಮೂರು ಮಾತು ಕೇಳಿ. ಪರದೆಯ ಗ್ಯಾರಂಟಿ ಎಷ್ಟು ವರ್ಷ? ಗ್ಯಾರಂಟಿ ಮುಗಿದ ಮೇಲೆ ಅದರ ಬೆಲೆ ಎಷ್ಟು? ಮೇಲಿನ ಪದರವನ್ನು ಬಿಡಿಯಾಗಿ ಮಾರುತ್ತೀರಾ? ಉತ್ತರವನ್ನು ಷೋರೂಮಿನ ಮೊಹರಿನ ಕಾಗದದ ಮೇಲೇ ಬರೆಸಿಕೊಳ್ಳಿ. ಕೊಡೋದಿಲ್ಲ ಅಂದರೆ ದಿನಾಂಕದ ಸಮೇತ ಅದನ್ನೂ ಗುರುತು ಹಾಕಿಕೊಂಡು ಬನ್ನಿ, ಮುಂದಿನ ತಿಂಗಳ ಸಭೆಯಲ್ಲಿ ಎಲ್ಲರ ಕಾಗದಗಳನ್ನೂ ಒಟ್ಟಿಗೆ ಇಟ್ಟು ನೋಡೋಣ.