ಪಾರ್ಶ್ವವಾಯು: ಕಣ್ಣಿಗೆ ಕಾಣದ ನಷ್ಟ

ಪಾರ್ಶ್ವವಾಯು ಎಂಬ ಹೆಸರಿನಲ್ಲೇ ಒಂದು ತೊಡಕಿದೆ. ಪಾರ್ಶ್ವ ಎಂದರೆ ಮಗ್ಗುಲು. ದೇಹದ ಒಂದು ಮಗ್ಗುಲನ್ನು ವಾಯು ಹಿಡಿಯಿತೆಂದು ಹಿಂದಿನವರು ಭಾವಿಸಿದ್ದರಿಂದ ಈ ಹೆಸರು ಬಂದಿತು. ಆಡುಮಾತಿನಲ್ಲಿ ಲಕ್ವ ಹೊಡೆಯಿತು ಎನ್ನುತ್ತಾರೆ. ಎರಡು ಮಾತುಗಳೂ ನೋಡುವವರ ಗಮನವನ್ನು ಕೈಕಾಲುಗಳತ್ತಲೇ ಸೆಳೆಯುತ್ತವೆ. ಸ್ವಾಧೀನ ತಪ್ಪಿದ ಕೈಗೆ ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು ಮೊದಲಾದ ಪದ್ಧತಿಗಳು ಹುಟ್ಟಿದ್ದು ಈ ತಿಳಿವಳಿಕೆಯಿಂದಲೇ. ರೋಗಿ ಕೋಲೂರಿ ನಾಲ್ಕು ಹೆಜ್ಜೆ ನಡೆದನೆಂದರೆ ಗುಣವಾಯಿತೆಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ವಾಸ್ತವದಲ್ಲಿ ರೋಗವಿರುವುದು ಮಿದುಳಿನಲ್ಲಿ. ಕೈಕಾಲುಗಳನ್ನು ಆಡಿಸುವ ಮಿದುಳೇ ಮಾತು, ನೆನಪು, ಗಮನ, ವಿವೇಚನೆ ಮತ್ತು ಭಾವನೆಗಳನ್ನೂ ನಡೆಸುತ್ತದೆ. ಇವುಗಳಲ್ಲಿ ಯಾವುದಕ್ಕೆ ಧಕ್ಕೆಯಾಗಿದೆ ಎಂಬುದು ಹೊರಗಿನಿಂದ ಕಾಣದ ಕಾರಣ, ಎಷ್ಟೋ ಮನೆಗಳಲ್ಲಿ ರೋಗದ ಲಕ್ಷಣವನ್ನು ರೋಗಿಯ ಹಟವೆಂದೋ ಮುಪ್ಪಿನ ಅರಳುಮರಳೆಂದೋ ತಿಳಿಯಲಾಗುತ್ತದೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ರಕ್ತನಾಳವೊಂದರಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೆ, ಅಥವಾ ನಾಳ ಒಡೆದು ರಕ್ತ ಸೋರಿದರೆ, ಅಲ್ಲಿಂದ ಪೋಷಣೆ ಪಡೆಯುತ್ತಿದ್ದ ಭಾಗ ಕೆಲವೇ ನಿಮಿಷಗಳಲ್ಲಿ ಸೊರಗತೊಡಗುತ್ತದೆ. ಮೊದಲನೆಯ ಬಗೆಯೇ ಹೆಚ್ಚು. ಅದರಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ದೊಡ್ಡ ನಾಳ ಮುಚ್ಚಿದ ಕೆಲವರಲ್ಲಿ, ಸ್ಕ್ಯಾನ್ ಪರೀಕ್ಷೆಯ ಆಧಾರದ ಮೇಲೆ, 24 ಗಂಟೆಯವರೆಗೂ ನಳಿಕೆಯ ಮೂಲಕ ಹೆಪ್ಪನ್ನು ಹೊರತೆಗೆಯಬಹುದೆಂದು ಈಚಿನ ವರ್ಷಗಳಲ್ಲಿ ಸಿದ್ಧಪಟ್ಟಿದೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ 112 ಅಥವಾ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಡನೆಯೇ ಕರೆದೊಯ್ಯಬೇಕು. ಮನೆಯಲ್ಲೇ ಆಸ್ಪಿರಿನ್ ಕೊಡುವುದು ತಪ್ಪು. ನಾಳ ಒಡೆದಿದ್ದರೆ ಆ ಮಾತ್ರೆಯೇ ಅಪಾಯಕಾರಿಯಾದೀತು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ದೊಡ್ಡ ಆಘಾತದ ಮುನ್ಸೂಚನೆಯಾಗಿರುವುದುಂಟು.

ಜೀವ ಉಳಿದ ಮೇಲೆ ಏನಾಗುತ್ತದೆ ಎಂಬುದರ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ.

1861ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯ ವೃತ್ತಾಂತವನ್ನು ವಿದ್ವಾಂಸರ ಮುಂದಿಟ್ಟನು. ಆ ರೋಗಿಗೆ ಹೇಳಿದ್ದು ಅರ್ಥವಾಗುತ್ತಿತ್ತು. ಆದರೆ ಏನು ಕೇಳಿದರೂ ಬಾಯಿಂದ ಹೊರಡುತ್ತಿದ್ದುದು 'ಟಾನ್' ಎಂಬ ಒಂದೇ ಸದ್ದು. ಅವನು ತೀರಿಕೊಂಡ ಬಳಿಕ ನೋಡಿದಾಗ ಮಿದುಳಿನ ಎಡಭಾಗದ ಮುಂದಿನ ಪಾಲು ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ವಿವರಿಸಿದನು. ಎಡ ಮಿದುಳಿನ ಹಿಂದಿನ ಪಾಲಿಗೆ ಪೆಟ್ಟಾದವರು ಸರಾಗವಾಗಿ ಮಾತನಾಡುತ್ತಾರೆ, ಆದರೆ ಮಾತಿನಲ್ಲಿ ಹುರುಳಿರುವುದಿಲ್ಲ, ಇತರರು ಆಡಿದ್ದೂ ಅವರಿಗೆ ತಿಳಿಯುವುದಿಲ್ಲ. ಮಿದುಳಿನ ಪೆಟ್ಟಿನಿಂದ ಭಾಷೆ ಹೀಗೆ ಕೆಡುವುದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ಮೊದಲನೆಯ ಬಗೆಯ ರೋಗಿಯನ್ನು ಮನೆಯವರು ಬುದ್ಧಿ ಹೋದವನೆಂದು ತಿಳಿದು ಅವನೆದುರಿನಲ್ಲೇ ಆಸ್ತಿ, ಖರ್ಚು, ಆಯುಸ್ಸಿನ ಮಾತನಾಡುತ್ತಾರೆ. ಅವನಿಗೆ ಬಹುಪಾಲು ಅರ್ಥವಾಗುತ್ತಿರುತ್ತದೆ. ಇದಕ್ಕಿಂತ ಕ್ರೂರವಾದ ತಪ್ಪು ಮತ್ತೊಂದಿರಲಾರದು. ಎರಡನೆಯ ಬಗೆಯವನಿಗೆ ಹುಚ್ಚೆಂದು ಹೆಸರಿಟ್ಟು, ದೃಷ್ಟಿ ತೆಗೆಸಿ ತಾಯಿತ ಕಟ್ಟಿಸುವುದೂ ಉಂಟು.

ಬಲಭಾಗದ ಮಿದುಳಿಗೆ ಪೆಟ್ಟಾದಾಗ ಮಾತು ಸಾಮಾನ್ಯವಾಗಿ ಉಳಿಯುತ್ತದೆ. ಹೀಗಾಗಿ ತೊಂದರೆ ಇನ್ನಷ್ಟು ಮರೆಯಾಗಿರುತ್ತದೆ. ಬಾಳೆಯೆಲೆಯಲ್ಲಿ ಬಡಿಸಿದ ಊಟದಲ್ಲಿ ಬಲಗಡೆ ಇದ್ದುದನ್ನು ಮಾತ್ರ ಉಂಡು, ಎಡಗಡೆಯ ಪಲ್ಯ, ಕೋಸಂಬರಿಗಳನ್ನು ಮುಟ್ಟದೆ, ಬಡಿಸಲಿಲ್ಲವೆಂದು ರೋಗಿ ಮುನಿಸಿಕೊಳ್ಳುತ್ತಾನೆ. ಎಡಗೆನ್ನೆಯ ಕ್ಷೌರವನ್ನು ಬಿಟ್ಟುಬಿಡುತ್ತಾನೆ. ಕಣ್ಣು ನೆಟ್ಟಗಿದ್ದರೂ ಎಡಭಾಗದ ಜಗತ್ತು ಅವನ ಪಾಲಿಗೆ ಇಲ್ಲವಾಗಿರುತ್ತದೆ. ಇಟಲಿಯ ಮಿಲಾನ್ ನಗರದಲ್ಲಿ ಬಿಸಿಯಾಕ್ ಮತ್ತು ಲುಜಾಟಿ ಎಂಬ ಇಬ್ಬರು ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಆ ನಗರದ ದೊಡ್ಡ ಇಗರ್ಜಿಯ ಮುಂದಿನ ಚೌಕ ಅಲ್ಲಿಯ ಎಲ್ಲರಿಗೂ ಪರಿಚಿತ. ಚೌಕದ ಆಚೆಯ ತುದಿಯಲ್ಲಿ ಇಗರ್ಜಿಗೆ ಎದುರಾಗಿ ನಿಂತಂತೆ ಕಲ್ಪಿಸಿಕೊಂಡು, ಕಾಣುವ ಕಟ್ಟಡಗಳನ್ನು ಹೇಳುವಂತೆ ರೋಗಿಗಳನ್ನು ಕೇಳಲಾಯಿತು. ಅವರು ಹೇಳಿದ್ದು ಬಲಗಡೆಯವನ್ನೇ. ಆಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಚೌಕವನ್ನು ನೋಡುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳು ಈಗ ಬಲಕ್ಕೆ ಬಂದದ್ದರಿಂದ, ಅವುಗಳ ಹೆಸರುಗಳು ಹೊರಬಂದವು. ನೆನಪು ಇದ್ದೇ ಇತ್ತು. ಮನಸ್ಸಿನೊಳಗಿನ ಚಿತ್ರದಲ್ಲೂ ಎಡಗಡೆಗೆ ಗಮನ ಹೋಗುತ್ತಿರಲಿಲ್ಲ. ಇಂತಹವರಲ್ಲಿ ಕೆಲವರು ತಮ್ಮ ಎಡಗೈ ಸ್ವಾಧೀನ ತಪ್ಪಿರುವುದನ್ನೇ ಒಪ್ಪುವುದಿಲ್ಲ. ಫಿಸಿಯೋಥೆರಪಿಗೆ ಕರೆದರೆ, ತನಗೇನಾಗಿದೆಯೆಂದು ತಿರುಗಿ ಕೇಳುತ್ತಾರೆ. ಇದು ಅಹಂಕಾರದ ಮಾತಲ್ಲ. ಕಾಯಿಲೆಯನ್ನು ಅರಿಯುವ ಶಕ್ತಿಗೇ ಕಾಯಿಲೆ ತಗಲಿರುತ್ತದೆ.

ಮಿದುಳಿನ ಮುಂಭಾಗಕ್ಕೆ ಹಾನಿಯಾದರೆ ಕೆಲಸವನ್ನು ಯೋಜಿಸಿ, ಒಂದಾದ ಮೇಲೊಂದರಂತೆ ಮುಗಿಸುವ ಶಕ್ತಿ ಕುಗ್ಗುತ್ತದೆ. ಚಹ ಮಾಡಹೊರಟ ಗೃಹಿಣಿ ನೀರಿಟ್ಟು, ಸೊಪ್ಪು ಹಾಕುವುದನ್ನು ಮರೆತು, ಒಲೆಯ ಮುಂದೆಯೇ ನಿಂತಿರುತ್ತಾಳೆ. ಸೋಮಾರಿತನವೆಂಬ ಮಾತು ಇಂತಹ ಕಡೆ ಸುಲಭವಾಗಿ ಬಂದುಬಿಡುತ್ತದೆ. ಪಾರ್ಶ್ವವಾಯುವಿಗೆ ತುತ್ತಾದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆಯೂ ಆವರಿಸುತ್ತದೆ. ಚಿಕಿತ್ಸೆಯಿಂದ ಅದು ಹತೋಟಿಗೆ ಬರುತ್ತದೆ. ಹಾಗೆಯೇ ಬಿಟ್ಟರೆ ಅಂಗಸಾಧನೆಗೂ ಮಾತಿನ ಅಭ್ಯಾಸಕ್ಕೂ ರೋಗಿಯಲ್ಲಿ ಉತ್ಸಾಹವೇ ಉಳಿಯುವುದಿಲ್ಲ.

ಕನ್ನಡ ನಾಡಿನ ಹೊರಗಿರುವ ಕನ್ನಡಿಗರಿಗೆ ಇಲ್ಲಿ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ಉಡುಪಿಯ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಮುಂದೆ ಕಚೇರಿಯ ನೌಕರಿ ಹಿಡಿದವರ ಒಂದು ತಲೆಮಾರೇ ಇದೆ. ಅಂತಹ ಒಬ್ಬರಿಗೆ ತಾಯಿ ಆಡಿದ ಭಾಷೆ ತುಳು, ಶಾಲೆಯ ಭಾಷೆ ಕನ್ನಡ, ಬೀದಿಯ ಭಾಷೆ ಮರಾಠಿ ಮತ್ತು ಹಿಂದಿ, ಕಡತದ ಭಾಷೆ ಇಂಗ್ಲಿಷ್. ಚೆನ್ನೈ, ಹೈದರಾಬಾದುಗಳಲ್ಲಿ ಮರಾಠಿಯ ಸ್ಥಾನದಲ್ಲಿ ತಮಿಳೋ ತೆಲುಗೋ ಇದ್ದೀತು. ಇಂತಹವರು ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡರೆ ಮರಳಿ ಬರುವ ಭಾಷೆ ಯಾವುದು?

ಮೊದಲು ಕಲಿತದ್ದೇ ಗಟ್ಟಿಯಾಗಿ ಉಳಿಯುತ್ತದೆಂಬುದು 19ನೆಯ ಶತಮಾನದ ಫ್ರೆಂಚ್ ವಿದ್ವಾಂಸ ರಿಬೋ ಅವರ ಅಭಿಪ್ರಾಯದಿಂದ ಹೊರಟ ವಾದ. ರೋಗಕ್ಕೆ ಮುನ್ನ ಹೆಚ್ಚು ಬಳಕೆಯಲ್ಲಿದ್ದ ಭಾಷೆಯೇ ಮೊದಲು ಮರಳುತ್ತದೆಂದು 1895ರಲ್ಲಿ ಪಿತ್ರ್ ಎಂಬ ವೈದ್ಯ ಹೇಳಿದನು. ಇವೆರಡೂ ಎಲ್ಲರಿಗೂ ಅನ್ವಯಿಸುವ ನಿಯಮಗಳಲ್ಲವೆಂದು ನಂತರದ ಅಧ್ಯಯನಗಳಿಂದ ತಿಳಿದುಬಂದಿದೆ. ಹೆಚ್ಚಿನವರಲ್ಲಿ ಭಾಷೆಗಳು ಸುಮಾರಾಗಿ ಒಟ್ಟೊಟ್ಟಿಗೇ ಸುಧಾರಿಸುತ್ತವೆ. ಕೆಲವರಲ್ಲಿ ಒಂದು ಮರಳಿ ಇನ್ನೊಂದು ಹಿಂದೆ ಉಳಿಯುತ್ತದೆ. ಮತ್ತೆ ಕೆಲವರು ತಮಗರಿವಿಲ್ಲದೆಯೇ ಎರಡು ಭಾಷೆಗಳನ್ನು ಬೆರೆಸುತ್ತಾರೆ. ಎದುರಿಗಿರುವವರಿಗೆ ಆ ಎರಡೂ ಬಾರದಿದ್ದರೆ ರೋಗಿ ಬಡಬಡಿಸುತ್ತಿದ್ದಾನೆಂದೇ ತೋರುತ್ತದೆ.

ವ್ಯವಹಾರದಲ್ಲಿ ಇದರ ಪರಿಣಾಮ ಸಣ್ಣದಲ್ಲ. ಆಸ್ಪತ್ರೆಯಲ್ಲಿ ರೋಗಿಯ ನೆನಪು ಮತ್ತು ಭಾಷೆಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಪರೀಕ್ಷಿಸಿದರೆ, ಕನ್ನಡದಲ್ಲಿ ಉತ್ತರ ಹೇಳಬಲ್ಲವನೂ ಅದರಲ್ಲಿ ಸೋಲುತ್ತಾನೆ. ಇನ್ನು ಸುಧಾರಿಸಲಾರನೆಂಬ ತೀರ್ಮಾನಕ್ಕೆ ಅದೇ ಆಧಾರವಾದೀತು. ಆದುದರಿಂದ ರೋಗಿ ಯಾವ ಭಾಷೆಯನ್ನು ಯಾವ ವಯಸ್ಸಿನಲ್ಲಿ ಕಲಿತನು, ಮನೆಯಲ್ಲಿ ಯಾರೊಡನೆ ಯಾವುದನ್ನು ಆಡುತ್ತಿದ್ದನು, ಲೆಕ್ಕವನ್ನು ಯಾವ ಭಾಷೆಯಲ್ಲಿ ಮಾಡುತ್ತಿದ್ದನು, ಪತ್ರಿಕೆಯನ್ನು ಯಾವುದರಲ್ಲಿ ಓದುತ್ತಿದ್ದನು ಎಂಬುದನ್ನು ಮನೆಯವರು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ಕೊಡುವುದು ಒಳ್ಳೆಯದು. ಮೊಮ್ಮಕ್ಕಳಿಗೆ ಕನ್ನಡ ಬಾರದ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಅಜ್ಜ ಆಡುತ್ತಿರುವುದು ಅರ್ಥವಿಲ್ಲದ ಸದ್ದೋ, ತಮಗೆ ತಿಳಿಯದ ಕನ್ನಡವೋ ಎಂಬುದನ್ನು ಆ ಮಕ್ಕಳು ಹೇಳಲಾರರು. ಅಫೇಸಿಯಾವನ್ನು ಅಳೆಯುವ ಪರೀಕ್ಷೆಗಳು ಕನ್ನಡದಲ್ಲಿ ಸಿದ್ಧವಾಗಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ದಿಸೆಯಲ್ಲಿ ಬಹಳ ಕೆಲಸ ಮಾಡಿದ್ದು, ದೂರದ ಊರುಗಳಲ್ಲಿರುವವರಿಗೆ ದೂರಸಂಪರ್ಕದ ಮೂಲಕವೂ ನೆರವು ನೀಡುತ್ತದೆ. ಮುಂಬಯಿಯಲ್ಲಿ ಇದೇ ಕ್ಷೇತ್ರಕ್ಕೆ ಮೀಸಲಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ.

ಹಲವು ಭಾಷೆಗಳ ಬದುಕಿನಿಂದ ತೊಡಕು ಮಾತ್ರವೇ ಉಂಟೆಂದು ತಿಳಿಯಬೇಕಾಗಿಲ್ಲ. ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ಮಂದಿ ಪಾರ್ಶ್ವವಾಯು ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದೇ ಭಾಷೆ ಬಲ್ಲವರಲ್ಲಿ ಶೇಕಡ 19.6 ಮಂದಿಯ ಚಿಂತನಶಕ್ತಿ ಸಹಜವಾಗಿ ಉಳಿದಿದ್ದರೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಈ ಪ್ರಮಾಣ ಶೇಕಡ 40.5 ಆಗಿತ್ತು. ಆದರೆ ಅಫೇಸಿಯಾದ ಪ್ರಮಾಣದಲ್ಲಿ ಇಬ್ಬರಿಗೂ ಅಂತರವಿರಲಿಲ್ಲ. ದಿನವೂ ಒಂದು ಭಾಷೆಯನ್ನು ತಡೆದು ಇನ್ನೊಂದನ್ನು ಆರಿಸಿಕೊಳ್ಳುವ ಅಭ್ಯಾಸದಿಂದ ಗಮನ ಮತ್ತು ಯೋಜನೆಯ ಶಕ್ತಿಗೆ ಬಲ ಬಂದಿರಬಹುದೆಂಬುದು ಸಂಶೋಧಕರ ವಿವರಣೆ. ಭಾಷೆ ಬಲ್ಲವರಿಗೆ ಪಾರ್ಶ್ವವಾಯು ತಾಗದೆಂದು ಇದಕ್ಕೆ ಅರ್ಥವಲ್ಲ. ರಕ್ತದೊತ್ತಡ ಏರಿದರೆ, ತಂಬಾಕು ಬಿಡದಿದ್ದರೆ, ಸಕ್ಕರೆ ಕಾಯಿಲೆಯನ್ನು ಅಲಕ್ಷಿಸಿದರೆ ಯಾವ ಭಾಷೆಯೂ ಕಾಪಾಡಲಾರದು.

ಮಿದುಳಿನಲ್ಲಿ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಆದರೂ ಚೇತರಿಕೆ ಆಗುತ್ತದೆ. ಪೆಟ್ಟಿನ ಸುತ್ತಲಿನ ಊತ ಇಳಿದು, ಸೊರಗಿದ್ದ ಜೀವಕೋಶಗಳು ಎಚ್ಚರಗೊಳ್ಳುತ್ತವೆ. ಉಳಿದ ಭಾಗಗಳು ಅಭ್ಯಾಸದ ಬಲದಿಂದ ಹೊಸ ಸಂಬಂಧಗಳನ್ನು ಬೆಳೆಸಿಕೊಂಡು ಕಳೆದುಹೋದ ಕೆಲಸದ ಕೆಲವಂಶವನ್ನು ವಹಿಸಿಕೊಳ್ಳುತ್ತವೆ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ. ಆಮೇಲೆ ಅದು ನಿಂತೇಹೋಗುತ್ತದೆಂಬ ನಂಬಿಕೆ ಸರಿಯಲ್ಲ. ಭಾಷೆಯ ವಿಷಯದಲ್ಲಂತೂ ವರ್ಷಗಳ ನಂತರವೂ ಸುಧಾರಣೆ ಕಂಡವರಿದ್ದಾರೆ. ಮನೆಯ ಮಾತಿನ ಬೆಲೆ ಇರುವುದು ಇಲ್ಲಿಯೇ. ವಾಕ್ ಚಿಕಿತ್ಸಕರು ವಾರಕ್ಕೆ ಎರಡು ಮೂರು ಗಂಟೆ ಅಭ್ಯಾಸ ಮಾಡಿಸಿಯಾರು. ಉಳಿದ ಹೊತ್ತು ಮನೆಯವರ ಕೈಯಲ್ಲಿರುತ್ತದೆ.

ಒಂದು ಮಾತನ್ನೂ ಆಡಲಾರದವರು ಹಾಡಬಲ್ಲರೆಂಬುದು ಅನೇಕರಿಗೆ ಬೆರಗು ತರುವ ಸಂಗತಿ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ದೇವರನಾಮ, ಮಗ್ಗಿ, ವಾರಗಳ ಹೆಸರು ಥಟ್ಟನೆ ಹೊರಬರುವುದುಂಟು. ಬೈಗುಳವೂ ಹಾಗೆಯೇ ಬರುತ್ತದೆ. ಮನೆಯವರು ಅದಕ್ಕೆ ನೊಂದುಕೊಳ್ಳಬೇಕಾಗಿಲ್ಲ. ಹಾಡಿನ ರಾಗ ಮತ್ತು ಲಯಗಳಲ್ಲಿ ಬಲ ಮಿದುಳಿನ ಪಾತ್ರ ಹೆಚ್ಚಾಗಿರುವುದು ಇದಕ್ಕೆ ಒಂದು ಕಾರಣವೆಂದು ಹೇಳಲಾಗಿದೆ. 1973ರಿಂದೀಚೆಗೆ ರಾಗದ ಆಸರೆಯಿಂದ ಮಾತು ಕಲಿಸುವ ಒಂದು ಚಿಕಿತ್ಸಾಕ್ರಮವೂ ಬಳಕೆಗೆ ಬಂದಿದೆ. 'ನೀರು ಬೇಕು' ಎಂಬಷ್ಟನ್ನು ಎಳೆದು ಹಾಡಿಸಿ, ತಾಳ ತಟ್ಟಿಸಿ, ಕ್ರಮೇಣ ರಾಗವನ್ನು ಬಿಡಿಸುತ್ತಾ ಬರುತ್ತಾರೆ. ಇದು ಎಲ್ಲರಿಗೂ ಫಲಿಸುವುದಿಲ್ಲ. ಅರ್ಥವಾಗುತ್ತಿದ್ದು ಮಾತು ಹೊರಡದವರಿಗೆ ಹೆಚ್ಚು ಉಪಯುಕ್ತ.

ರೋಗಿಯೊಡನೆ ಮಾತನಾಡುವಾಗ ರೇಡಿಯೋ, ದೂರದರ್ಶನಗಳ ಸದ್ದನ್ನು ನಿಲ್ಲಿಸಬೇಕು. ಒಮ್ಮೆಗೆ ಒಂದೇ ಸಂಗತಿ, ಚಿಕ್ಕ ವಾಕ್ಯ, ಹೌದು ಅಥವಾ ಅಲ್ಲ ಎಂದು ತಲೆಯಾಡಿಸಬಹುದಾದ ಪ್ರಶ್ನೆ ಸಾಕು. ಉತ್ತರ ಬರುವವರೆಗೆ ಕಾಯಬೇಕು. ಆತನ ಬಾಯಿಂದ ಮಾತನ್ನು ಕಿತ್ತುಕೊಂಡು ತಾವೇ ಮುಗಿಸುವುದು ಪ್ರೀತಿಯಿಂದ ಮಾಡಿದರೂ ಅಡ್ಡಿಯೇ. ಎಡಭಾಗ ಗಮನಕ್ಕೆ ಬಾರದವರ ಎಲೆಯ ಎಡ ಅಂಚಿಗೆ ಕೆಂಪು ಪಟ್ಟಿಯೊಂದನ್ನು ಇಟ್ಟು, ಅದು ಕಾಣುವವರೆಗೆ ತಲೆ ತಿರುಗಿಸುವಂತೆ ಅಭ್ಯಾಸ ಮಾಡಿಸಬಹುದು.

ಚಿಂತನಶಕ್ತಿ ಕುಂದಿದಾಗಲೆಲ್ಲ ಪಾರ್ಶ್ವವಾಯುವೇ ಕಾರಣವಲ್ಲ. ಆಲ್ಜೈಮರ್ ಕಾಯಿಲೆಯಲ್ಲಿ ನೆನಪು ಮೆಲ್ಲಮೆಲ್ಲನೆ ಸವೆಯುತ್ತದೆ. ಪದೇ ಪದೇ ಸಣ್ಣ ಆಘಾತಗಳಾದವರಲ್ಲಿ ಮೆಟ್ಟಿಲಿಳಿದಂತೆ ಥಟ್ಟನೆ ಕುಸಿದು ಕೆಲಕಾಲ ಹಾಗೆಯೇ ನಿಲ್ಲುತ್ತದೆ. ವಯಸ್ಸಾದವರು ಬಚ್ಚಲಿನಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟು ಮಾಡಿಕೊಂಡು, ಕೆಲವು ವಾರಗಳ ನಂತರ ಮಂಕಾದರೆ ತಲೆಬುರುಡೆಯೊಳಗೆ ರಕ್ತ ನಿಂತಿರುವ ಸಾಧ್ಯತೆಯಿದೆ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಥೈರಾಯ್ಡ್ ದೋಷ ಮತ್ತು ಬಿ12 ಜೀವಸತ್ವದ ಕೊರತೆಗಳಿಂದ ಬಂದ ಮರೆವಿಗೂ ಚಿಕಿತ್ಸೆಯುಂಟು. ವಯಸ್ಸಾಯಿತೆಂದು ಸುಮ್ಮನಿರುವುದರಿಂದ ಇವೆಲ್ಲ ಕೈತಪ್ಪಿಹೋಗುತ್ತವೆ.

ಕಣ್ಣಿಗೆ ಕಾಣದ ಈ ನಷ್ಟಕ್ಕೆ ಕಾನೂನಿನ ಮಾನ್ಯತೆಯೂ ದೊರೆತಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಶಾಶ್ವತವಾದ ಅಫೇಸಿಯಾವನ್ನು ಅಲ್ಲಿ ಹೆಸರಿಸಿಯೇ ಸೇರಿಸಲಾಗಿದೆ. ಕೈಕಾಲು ಸರಿಯಾಗಿದ್ದು ಮಾತು ಮಾತ್ರ ಹೋದವರೂ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ರೋಗಿಯ ಅಥವಾ ಆರೈಕೆ ಮಾಡುವವರ ಮನಸ್ಸು ಕುಗ್ಗಿದಾಗ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಅಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ.