‘ಹೆಂಗ ಗೊತ್ತಾತು?’
(ಪ್ರೌಢಶಾಲಾ ಇತಿಹಾಸ ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸ)

 

ನಾನು ಮಾಸ್ತರಿಕೆ ಮಾಡುವಾಗ ಒಮ್ಮೆ ಹನ್ನೆರಡನೆಯ ಶತಮಾನದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇದನ್ನೆಲ್ಲಾ ಯಾರು ನೋಡ್ಯಾರ್ರೀ? ಹೆಂಗ ಗೊತ್ತಾತು?” ಎಂದ. “ಕೂಡ್ರೋ, ಪುಸ್ತಕದಾಗ ಐತಿ” ಎಂದು ಗದರಿಸಿದೆ. ಕುಳಿತ. ಆ ವರ್ಷ ಮತ್ತೆ ಅವನು ಒಂದೂ ಪ್ರಶ್ನೆ ಕೇಳಲಿಲ್ಲ.

ಉತ್ತರ ನನಗೇ ಗೊತ್ತಿರಲಿಲ್ಲ. ಅಷ್ಟರೊಳಗೆ ಎಷ್ಟೋ ತರಬೇತಿಗಳಿಗೆ ಹೋಗಿ ಬಂದಿದ್ದೆ. ಸಹಿ, ಚಹಾ, ಪಾಠಯೋಜನೆಯ ನಮೂನೆ, ಸಂಜೆಗೆ ಹಾಜರಾತಿ ಪತ್ರ. ಒಂದು ಶಾಸನವನ್ನಾಗಲಿ, ಒಂದು ತಾಡೋಲೆಯನ್ನಾಗಲಿ ಯಾರೂ ತೋರಿಸಿರಲಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನದ ಶಿಕ್ಷಕರು ಇತಿಹಾಸದ ಜೊತೆಗೆ ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವನ್ನೂ ಕಲಿಸಬೇಕು. ಪದವಿಯಲ್ಲಿ ಇತಿಹಾಸ ಓದದವರೂ ಇತಿಹಾಸ ಹೇಳಬೇಕಾಗುತ್ತದೆ. ಅಂಥವರಿಗೆ ನಮೂನೆಗಿಂತ ಆಕರದ ಪರಿಚಯ ಮೊದಲು ಬೇಕು.

ಇವತ್ತು ಆ ಹುಡುಗ ಕೇಳಿದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡ ಶಾಸನದಿಂದ ಸುರು ಮಾಡುತ್ತೇನೆ. 1260ರದು, ಸೇವುಣ ಅರಸ ಕನ್ನರನ ಕಾಲದ್ದು. ಅದರಲ್ಲಿ ಬಸವಣ್ಣನವರ ಉಲ್ಲೇಖವಿದೆ. ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ಮಕ್ಕಳಿಂದ ಕಾಲದ ಲೆಕ್ಕವನ್ನೂ ಹಾಕಿಸಬೇಕು. ಬಸವಣ್ಣನವರು ಲಿಂಗೈಕ್ಯರಾಗಿ ಸುಮಾರು ನೂರು ವರ್ಷಗಳ ಮೇಲೆ ಕೆತ್ತಿಸಿದ್ದು ಅದು. ಅಂಥ ಕಲ್ಲು ಏನು ಹೇಳಬಲ್ಲದು, ಏನು ಹೇಳಲಾರದು? ಪುರಾಣಕಾವ್ಯ ಹೇಳುವ ಕಥೆಗೂ ಅದಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ? ಹೀಗೆ ಕೇಳಿದರೆ ಭಕ್ತಿಗೆ ಕುಂದು ಬಂದೀತೆಂದು ಕೆಲವರು ಅಂಜುತ್ತಾರೆ. ಫ.ಗು. ಹಳಕಟ್ಟಿಯವರು ಅಂಜಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ತಾಡೋಲೆಗಳನ್ನು ಹುಡುಕಿ ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ವಕೀಲರಿಗೆ ಸಾಕ್ಷಿ ಬೇಕೇ ಬೇಕಲ್ಲ!

ಪೂಜ್ಯರಲ್ಲಿ ಒಂದು ಬಿನ್ನಹ. ಮಠಗಳ ಕಪಾಟುಗಳಲ್ಲಿ ಬಟ್ಟೆ ಸುತ್ತಿಟ್ಟ ತಾಡೋಲೆಗಳಿವೆ. ಪೂಜೆಗೆ ಮಾತ್ರ ಹೊರಬರುತ್ತವೆ. ವರ್ಷಕ್ಕೊಂದು ದಿನ ಅವನ್ನು ಬಲ್ಲವರ ಸಮ್ಮುಖದಲ್ಲಿ ಶಿಕ್ಷಕರಿಗೆ ಬಿಚ್ಚಿ ತೋರಿಸಬೇಕು.

ದಾಸೋಹದ ನಂತರ ಐದೈದು ಜನ ಕೂಡಿ ಕುಳಿತುಕೊಳ್ಳಿ. ಶಾಸನದ ಪಡಿಯಚ್ಚಿನ ಚಿತ್ರ ಹಂಚುತ್ತೇವೆ. ಓದಲು ಬಾರದಿದ್ದರೆ ನಾಚಬೇಡಿ, ನನಗೂ ಪೂರ್ತಿ ಬರುವುದಿಲ್ಲ. ಮೊದಲು ಶಕವರ್ಷ ಹುಡುಕಿ, ಅದಕ್ಕೆ 78 ಕೂಡಿಸಿ. ಆಮೇಲೆ ದಾನ ಕೊಟ್ಟವರಾರು, ಪಡೆದವರಾರು, ಏನು ಕೊಟ್ಟರು ಎಂಬುದನ್ನು ನೋಡೋಣ.